ವೈರಿಲ್ಲದ ಮೀಟರಿನ ಮುಳ್ಳು

ದೇವರನ್ನು ನಂಬುವವಳು ನಾನು. ಸೋಮವಾರ ಒಪ್ಪತ್ತು, ಶನಿವಾರ ಎಳ್ಳೆಣ್ಣೆ ದೀಪ, ದಿನಾ ಬೆಳಿಗ್ಗೆ ಹೊಸ್ತಿಲಿಗೆ ನೀರು, ಇವನ್ನು ತಪ್ಪಿಸಿದವಳಲ್ಲ. ಆದರೆ ಯಾರಾದರೂ ಬಂದು ನನಗೆ ಹೀಗೆ ಕಾಣಿಸಿತು, ಹಾಗೆ ಕೇಳಿಸಿತು ಎಂದು ಕಣ್ಣರಳಿಸಿ ಹೇಳಿದರೆ, ಬಾಯಲ್ಲಿ ಹೂಂಗುಟ್ಟುತ್ತಾ ಮನಸ್ಸಿನಲ್ಲಿ ನಗುತ್ತಿದ್ದೆ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಕಣ್ಣು ಒಲೆಯ ಕಡೆ ಹೋಯಿತೇ, ಮಗಳಿಗೆ ಬಸ್ಸಿನಲ್ಲಿ ಸೀಟು ಸಿಕ್ಕಿತೇ, ನೆಂಟರು ಬಂದ ದಿನವೇ ನಲ್ಲಿಯಲ್ಲಿ ನೀರು ಬಂತೇ, ನನ್ನ ಪಾಲಿಗೆ ದೇವರ ದಯೆ ಎಂದರೆ ಇಷ್ಟು. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಿದವಳೂ ಅಲ್ಲ, ನಂಬಿದವಳೂ ಅಲ್ಲ.

ಈಗ ನಾನು ಬರೆಯುವುದನ್ನು ಓದಿ ನೀವೂ ಹಾಗೆ ನಕ್ಕರೆ ನನಗೆ ಬೇಸರವಿಲ್ಲ. ಇಂಥ ಕತೆಗಳೆಲ್ಲ ಅಮಾವಾಸ್ಯೆಯ ಸರಿರಾತ್ರಿಯಲ್ಲಿ ನಡೆಯುತ್ತವೆ ಎಂದು ಕೇಳಿದ್ದೇನೆ. ನನ್ನದು ನಡೆದದ್ದು ಕೆಲವು ವರ್ಷಗಳ ಹಿಂದೆ, ಯುಗಾದಿ ಕಳೆದ ಮೇಲಿನ ಒಂದು ಸೋಮವಾರ, ಹಾಡುಹಗಲು ಹತ್ತೂವರೆ ಗಂಟೆಗೆ, ಜೀಪಿನ ಎಡಗಡೆ ಸೀಟಿನಲ್ಲಿ.

ನಮ್ಮ ಮನೆ ಇರುವುದು ಕನಕಪುರದಲ್ಲಿ. ಪೇಟೆಯಲ್ಲಿ ನಮ್ಮ ಯಜಮಾನರದು ಡ್ರಿಪ್ ಪೈಪು, ಮೋಟರಿನ ಅಂಗಡಿ. ಅವರಿಗೆ ಬೀಡಿ ಸಿಗರೇಟಿನ ಚಟವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಹುಚ್ಚು, ಹಳೆಯ ಜೀಪು. ಅದಕ್ಕೆ ದೊಡ್ಡ ಎಂಜಿನ್ ಕೂರಿಸಿ, ಟ್ರ್ಯಾಕ್ಟರಿನಂಥ ಟೈರು ಹಾಕಿಸಿ, ನನ್ನ ಸೊಂಟದ ಎತ್ತರಕ್ಕೆ ಏರಿಸಿ ಇಟ್ಟುಕೊಂಡಿದ್ದರು. ಭಾನುವಾರ ಬಂತೆಂದರೆ ರಾಮನಗರದ ಸ್ನೇಹಿತರ ಜೊತೆ ಬಂಡೆ, ಹಳ್ಳ ಹತ್ತಿಸುವುದು. ಆಫ್ ರೋಡ್ ಅಂತೆ. ಚೆನ್ನಾಗಿರುವ ರಸ್ತೆ ಬಿಟ್ಟು ಹೋಗುವುದಕ್ಕೆ ಇಟ್ಟುಕೊಂಡಿರುವ ಹೆಸರು. ನನಗೆ ಆ ಜೀಪನ್ನು ಕಂಡರೆ ಆಗುತ್ತಿರಲಿಲ್ಲ. ಸೀರೆ ಉಟ್ಟು ಅದಕ್ಕೆ ಹತ್ತಿ ನೋಡಿ, ಗೊತ್ತಾಗುತ್ತದೆ.

ಆದರೆ ನಮ್ಮ ಮನೆದೇವರು ಭೈರಪ್ಪನ ಬೆಟ್ಟಕ್ಕೆ ಹೋಗುವುದಕ್ಕೆ ಆ ಜೀಪೇ ಬೇಕಾಯಿತು. ದೊಡ್ಡಆಲಹಳ್ಳಿ ದಾಟಿ, ಕಾಡಿನ ಕಡೆ ತಿರುಗಿಕೊಂಡರೆ ಮಣ್ಣಿನ ದಾರಿ, ಆಮೇಲೆ ಅದೂ ಇಲ್ಲ, ಬರೀ ಕಲ್ಲು. ಪ್ರಾಯದವರು ನಡೆದು ಹತ್ತುತ್ತಾರೆ. ನಮ್ಮತ್ತೆಗೆ ಎರಡೂ ಮಂಡಿ ಸವೆದಿದ್ದವು. ಅವರಿಗೆ ಕಣ್ಣಿನ ಪೊರೆ ತೆಗೆಸಿದಾಗ, ನೋಟ ಚೆನ್ನಾಗಿ ಬಂದರೆ ನಾನೇ ಬಂದು ಬೆಳ್ಳಿ ಕಣ್ಣು ಒಪ್ಪಿಸುತ್ತೇನೆ ಎಂದು ಭೈರಪ್ಪನಿಗೆ ಹರಕೆ ಹೊತ್ತಿದ್ದರು. ನೋಟವೇನೋ ಬಂತು. ಎಷ್ಟು ಬಂತೆಂದರೆ ನಾನು ಆರಿಸಿಟ್ಟ ಅಕ್ಕಿಯಲ್ಲಿ ಕಲ್ಲು ಹುಡುಕಿ ತೋರಿಸುತ್ತಿದ್ದರು. ಹರಕೆ ಮಾತ್ರ ಹಾಗೇ ಉಳಿದಿತ್ತು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಮೊದಲ ಸಲ ಹೊರಟೆವು. ಬೆಟ್ಟದ ಅರ್ಧಕ್ಕೆ ಹೋಗುವುದರಲ್ಲಿ ಜೀಪಿನ ಮುಂಭಾಗದಿಂದ ಬುಸ್ಸೆಂದು ಹಬೆ ಎದ್ದಿತು. ರೇಡಿಯೇಟರಿನ ನೀರೆಲ್ಲ ಕುದಿದು ಚೆಲ್ಲಿಹೋಯಿತು. ಕುಡಿಯಲು ತಂದಿದ್ದ ನೀರನ್ನೂ ಸುರಿದೆವು, ಸಾಲಲಿಲ್ಲ. ಆರುವ ತನಕ ಕಾದು ಹಿಂದಕ್ಕೆ ಬಂದೆವು. ಮನೆಗೆ ಬಂದು ಅತ್ತೆ ಕಾಲು ತೊಳೆದುಕೊಂಡು ಇಷ್ಟೇ ಹೇಳಿದರು: "ಬ್ಯಾಡ ಅಂದ ಕಣವ್ವ ಅವನು. ನನ್ ಮೊಕ ನೋಡಕ್ಕೆ ಇಷ್ಟ ಇಲ್ಲ ಅವನ್ಗೆ."

"ಹಂಗೆಲ್ಲ ಅನ್ಬ್ಯಾಡಿ ಅತ್ತೆ, ಗಾಡಿ ಬಿಸಿಯಾಯ್ತು ಅಷ್ಟೆ" ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯಾದಾಗಿನಿಂದ ಮಾಡಿಕೊಂಡು ಬಂದಿದ್ದ ಸೋಮವಾರದ ಒಪ್ಪತ್ತನ್ನು ಮರುವಾರವೇ ಬಿಟ್ಟರು. ನಾನು ಫಲಾಹಾರಕ್ಕೆ ಹೆಸರುಬೇಳೆ ನೆನೆಸಿಟ್ಟರೆ, ಅವರು ಮುದ್ದೆ ಹಾಕಿಸಿಕೊಂಡು ಎರಡೂ ಹೊತ್ತು ಉಂಡರು. ಜಗಳವಿಲ್ಲ, ಅಳುವಿಲ್ಲ. ವಯಸ್ಸಾದ ಜೀವ ತನ್ನ ದೇವರ ಜೊತೆ ಮಾತು ಬಿಟ್ಟು ಕೂರುವುದನ್ನು ನೋಡುವುದು ಬಹಳ ಕಷ್ಟ. ನಮ್ಮ ಯಜಮಾನರಿಗೂ ಅದು ಚುಚ್ಚಿತು. ಜೀಪಿನ ತಪ್ಪು ಎಂದರೆ ಅವರ ತಪ್ಪೇ ತಾನೆ.

ಅವರು ರಾಮನಗರದ ಮೆಕ್ಯಾನಿಕ್ ಸ್ವಾಮಣ್ಣನನ್ನು ಮನೆಗೇ ಕರೆಸಿದರು. ಸ್ವಾಮಣ್ಣ ಬಾನೆಟ್ ಎತ್ತಿ ನೋಡಿ ನಕ್ಕ. "ಎಂಜಿನ್ ದೊಡ್ಡದು ಹಾಕುಸ್ಬುಟ್ಟು ರೇಡಿಯೇಟ್ರು ಹಳೇದೇ ಬುಟ್ರೆ ಹೆಂಗಣ್ಣ? ಮದ್ವೆ ಮನೆಗೆ ಪಾವಕ್ಕಿ ಬೇಯ್ಸಿದಂಗಾಯ್ತು."

ಬೆಂಗಳೂರಿನಿಂದ ಅಲ್ಯುಮಿನಿಯಂನ ಹೊಸ ರೇಡಿಯೇಟರ್ ಬಂತು. ಹಳೆಯದಕ್ಕಿಂತ ಒಂದು ಗೇಣು ಅಗಲ, ಎರಡರಷ್ಟು ದಪ್ಪ. ಅದು ಜೀಪಿನ ಹೊಟ್ಟೆಗೆ ಹಿಡಿಸಲೇ ಇಲ್ಲ. ಎರಡು ದಿನ ನಮ್ಮ ಅಂಗಳದಲ್ಲಿ ಕಟಿಂಗು, ವೆಲ್ಡಿಂಗು. ಮುಂದಿನ ಜಾಲರಿಯ ಹಿಂಬದಿ ಕೊಯ್ದು, ರೇಡಿಯೇಟರನ್ನು ನಾಲ್ಕು ಬೆರಳು ಮುಂದಕ್ಕೆ ತಂದು, ಎರಡೂ ಕಡೆ ಕಬ್ಬಿಣದ ಪಟ್ಟಿ ಕೊಟ್ಟು, ಒಡೆಯದಿರಲಿ ಎಂದು ಅಡಿಗೆ ರಬ್ಬರ್ ಬಿಲ್ಲೆ ಇಟ್ಟು ಕೂರಿಸಿದರು. ನೀರು ತುಂಬುವಾಗ ನಾನು ಬಕೆಟ್ಟಿನಲ್ಲಿ ಬೋರಿನ ನೀರು ತಂದರೆ ಸ್ವಾಮಣ್ಣ ಕೈ ಅಡ್ಡ ಹಿಡಿದ. "ಬ್ಯಾಡಕ್ಕ, ಸುಣ್ಣ ಕಟ್ಕೊತದೆ. ನೀವು ಕುಡಿಯೋ ಫಿಲ್ಟರ್ ನೀರೇ ಕೊಡಿ." ನಮ್ಮ ಕುಡಿಯುವ ನೀರು ಜೀಪಿನ ಹೊಟ್ಟೆಗೆ ಹೋಯಿತು. ಎಂಜಿನ್ ಓಡಿಸಿ, ಮುಚ್ಚಳ ತೆಗೆದು, ಒಳಗಿನ ಗಾಳಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುವ ತನಕ ಕಾದರು. ಮಗುವಿಗೆ ಹಾಲು ಕುಡಿಸಿ ತೇಗಿಸಿದ ಹಾಗೆ. ಅತ್ತೆ ಜಗುಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು, ನೋಡದವರ ಹಾಗೆ.

ಇಲ್ಲಿ ನನ್ನದೊಂದು ತಪ್ಪಿದೆ, ಮುಚ್ಚಿಡುವುದಿಲ್ಲ. ಹೊಸ ಪಟ್ಟಿಗಳು ಬಂದ ಮೇಲೆ, ನಾನು ಶನಿವಾರ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದ ಕೊಕ್ಕೆ ಹೋಗಿಬಿಟ್ಟಿತ್ತು. ದೃಷ್ಟಿಗೆ ಕಟ್ಟದೆ ದೇವರ ಹತ್ತಿರ ಗಾಡಿ ತೆಗೆದುಕೊಂಡು ಹೋಗುವುದು ಹೇಗೆ ಎಂದು ಹಟ ಮಾಡಿದೆ. "ಅಷ್ಟೆ ತಾನೆ ಅಕ್ಕ" ಎಂದು ಸ್ವಾಮಣ್ಣ ಕೆಳಗಿನ ಪಟ್ಟಿಯ ಬಲಗಡೆ ಬೋಲ್ಟನ್ನು ಬಿಚ್ಚಿ, ಇನ್ನೊಂದು ಉದ್ದನೆಯ ಬೋಲ್ಟು ಹಾಕಿ, ಅದರ ತಲೆಗೆ ಒಂದು ಕೊಕ್ಕೆ ಬೆಸೆದುಕೊಟ್ಟ. ಮುಂದುಗಡೆ ನನ್ನ ನಿಂಬೆಹಣ್ಣು ಚೆಂದವಾಗಿ ತೂಗಿತು. ಹಿಂದುಗಡೆ ಬೋಲ್ಟಿನ ಬಾಲ ಎರಡು ಬೆರಳಷ್ಟು ಚಾಚಿಕೊಂಡಿತ್ತು. ಅದನ್ನು ಕೊಯ್ದು ಬಿಡಬೇಕಿತ್ತು, ಯಾರಿಗೂ ನೆನಪಾಗಲಿಲ್ಲ.

ಇನ್ನೊಂದು ವಿಷಯ ಆಗ ನನಗೆ ಗೊತ್ತಿರಲಿಲ್ಲ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಜೀಪಿನ ಡ್ಯಾಶ್‌ಬೋರ್ಡಿನ ನಡುವೆ ದುಂಡನೆಯ ಒಂದು ಟೆಂಪರೇಚರ್ ಮೀಟರ್ ಇದೆ. ಎಂಜಿನ್ ನೀರು ಕಾದ ಹಾಗೆ ಅದರ ಮುಳ್ಳು ಮೇಲೇರುತ್ತದೆ, ಕೆಂಪು ಗೆರೆ ಮುಟ್ಟಿದರೆ ಗಾಡಿ ನಿಲ್ಲಿಸಬೇಕು. ಮೊದಲ ಸಲ ಅದನ್ನು ಯಾರೂ ನೋಡದೇ ಇದ್ದದ್ದಕ್ಕೇ ಅಷ್ಟು ಕುದಿಯಿತು, ಇನ್ನು ಮೇಲೆ ಮುಳ್ಳು ನೋಡುವ ಕೆಲಸ ನನ್ನದು, ಅದಿಲ್ಲದೆ ನಾನು ಹತ್ತುವುದಿಲ್ಲ ಎಂದಿದ್ದೆ. ಆದರೆ ಹೊಸ ರೇಡಿಯೇಟರಿನ ಪೈಪು ದಪ್ಪ. ಮೀಟರಿನ ಸೆನ್ಸರ್ ಕೂರುವ ಹಳೆಯ ಜಾಯಿಂಟು ಅದಕ್ಕೆ ಹಿಡಿಸಲಿಲ್ಲ. ಹೊಸ ಜಾಯಿಂಟು ಬರುವುದಕ್ಕೆ ವಾರ ಬೇಕು. ಸ್ವಾಮಣ್ಣ ವೈರನ್ನು ಕಳಚಿ, ತುದಿಗೆ ಕಪ್ಪು ಟೇಪು ಸುತ್ತಿ, ಬ್ಯಾಟರಿಯ ಪಕ್ಕ ಸಿಕ್ಕಿಸಿದ. ಇಷ್ಟು ಹೊತ್ತಿಗೆ ಯಜಮಾನರು ಅವ್ವನ ಕೈಕಾಲು ಹಿಡಿದು ಬರುವ ಸೋಮವಾರಕ್ಕೆ ಒಪ್ಪಿಸಿಯಾಗಿತ್ತು. ಮುಂದಕ್ಕೆ ಹಾಕಿದರೆ ಅತ್ತೆ ಇನ್ನು ಯಾವತ್ತೂ ಹೊರಡುವುದಿಲ್ಲ. ಹೇಳಿದರೆ ನಾನು ಹತ್ತುವುದಿಲ್ಲ. ಅದಕ್ಕೆ ಅವರು ನನ್ನಿಂದ ಮುಚ್ಚಿಟ್ಟರು.

ಸೋಮವಾರ ಬೆಳಿಗ್ಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಸೊಂಟದ ಎಲೆಅಡಿಕೆ ಚೀಲದಲ್ಲಿ ಬೆಳ್ಳಿ ಕಣ್ಣು. ನಾನು ಬಾಯಲ್ಲಿ ಪಂಚಾಕ್ಷರಿ ಹೇಳಿಕೊಳ್ಳುತ್ತಾ, ಕಣ್ಣನ್ನು ಮೀಟರಿನ ಮೇಲಿಟ್ಟು ಕೂತೆ. ಮುಳ್ಳು ತಳ ಬಿಟ್ಟು ಏಳಲೇ ಇಲ್ಲ. ದೊಡ್ಡಆಲಹಳ್ಳಿ ದಾಟಿದರೂ ಇಲ್ಲ, ಕಲ್ಲಿನ ದಾರಿ ಹತ್ತಿದರೂ ಇಲ್ಲ.

"ರೀ, ಎದ್ದೇ ಇಲ್ಲ."

"ಹೂಂ."

"ಅಬ್ಬಾ, ಏನು ರೇಡಿಯೇಟರ್ ಕೊಟ್ಟ ಸ್ವಾಮಣ್ಣ! ಅವನ ಹೊಟ್ಟೆ ತಣ್ಣಗಿರಲಿ."

ಯಜಮಾನರು ಕೆಮ್ಮಿದರು. ಅದು ನಗು ಎಂದು ನನಗೆ ಆಮೇಲೆ ಗೊತ್ತಾಯಿತು. ಪ್ರತಿ ತಿರುವಿನಲ್ಲೂ ನಾನು ಮುಳ್ಳನ್ನು ನೋಡಿ ಭೈರಪ್ಪನಿಗೆ ಕೈ ಮುಗಿಯುತ್ತಿದ್ದೆ. ಸತ್ತು ಮಲಗಿದ ಮೀಟರಿಗೆ ಅಷ್ಟು ಸಲ ಕೈ ಮುಗಿದವಳು ಇಡೀ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಹೋದ ಸಲ ಕುದಿದು ನಿಂತ ಜಾಗ ದಾಟಿತು. ಅಲ್ಲಿಂದ ಮುಂದೆ ಒಂದು ಬೇಲದ ಮರ, ಅದರ ಕೆಳಗೆ ಒಂದಿಷ್ಟು ಸಮತಟ್ಟು, ಆಮೇಲೆ ಕೊನೆಯ ಏರು. ಏರು ಎಂದರೆ ಗೋಡೆಯ ಹಾಗೆ, ಎಡಕ್ಕೆ ಆಳವಾದ ಕೊರಕಲು. ದರ್ಶನ ಮುಗಿಸಿ ಇಳಿಯುವುದೂ ಅದರಲ್ಲೇ. ಮರ ಇನ್ನೂ ಇಪ್ಪತ್ತು ಮಾರು ಇರುವಾಗ ಮುಳ್ಳು ಮೇಲೇಳತೊಡಗಿತು.

ಥಟ್ಟನೆ ನೆಗೆಯಲಿಲ್ಲ. ನಿಧಾನವಾಗಿ, ನಿಜವಾಗಿಯೂ ನೀರು ಕಾಯುತ್ತಿರುವ ಹಾಗೆ ಕಾಲುಭಾಗಕ್ಕೆ ಬಂತು, ಅರ್ಧಕ್ಕೆ ಬಂತು. ಗಾಜಿನ ಮೇಲೆ ಕೂತಿದ್ದ ಧೂಳನ್ನು ನಾನು ಸೆರಗಿನಲ್ಲಿ ಒರೆಸಿ ನೋಡಿದೆ. ಮುಕ್ಕಾಲು ದಾಟಿತ್ತು.

"ರೀ, ಏಳ್ತಾ ಐತೆ."

"ಏನು?"

"ಮುಳ್ಳು ರೀ!"

"ಅದು ಏಳಲ್ಲ ಕಣಮ್ಮಿ. ಸುಮ್ನೆ ಕೂತ್ಕೊ." ಅವರು ನಗುತ್ತಲೇ ಗೇರು ಬದಲಿಸಿದರು, ಏರಿಗೆ ನುಗ್ಗಿಸಲು.

ಮುಳ್ಳು ಕೆಂಪು ಗೆರೆ ಮುಟ್ಟಿತು. ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ನಿಲ್ಸಿ ಎಂದೆನೋ, ಭೈರಪ್ಪ ಎಂದೆನೋ. ಅವರು ಈ ಕಡೆ ತಿರುಗಿದರು, ಬ್ರೇಕು ಒತ್ತಿದರು. ಜೀಪು ಬೇಲದ ಮರದ ಕೆಳಗೆ ನಿಂತಿತು.

ಎಂಜಿನ್ ಆರಿಸಿ, ಇಳಿದು ಬಾನೆಟ್ ಎತ್ತಿದರು. ಹಬೆ ಇಲ್ಲ, ಸದ್ದಿಲ್ಲ. ಪೈಪಿನ ಮೇಲೆ ಅಂಗೈ ಇಟ್ಟು ನೋಡಿದರು. ಹದವಾಗಿ ಬಿಸಿಯಾಗಿದೆ ಅಷ್ಟೆ ಎಂದರು. ವಾಪಸು ಬಂದು ಕೀ ತಿರುಗಿಸಿ ಮೀಟರ್ ನೋಡಿದರು. ಮುಳ್ಳು ತಳದಲ್ಲಿ ಮಲಗಿತ್ತು. ಆಗ ಮೆಲ್ಲಗೆ ನನಗೆ ವೈರಿನ ಕತೆ ಹೇಳಿದರು. ನಾನು ನಂಬದೆ ಇಳಿದು ಹೋದೆ. ಬ್ಯಾಟರಿಯ ಪಕ್ಕದಲ್ಲಿ ವೈರು ಸುರುಳಿ ಸುತ್ತಿಕೊಂಡು ಹಾಗೇ ಇತ್ತು, ತುದಿಯ ಟೇಪು ಒಂದೆಳೆ ಬಿಚ್ಚಿರಲಿಲ್ಲ. ನನಗೆ ಭಯವಾಗುವ ಮೊದಲು ಸಿಟ್ಟು ಬಂತು. ಬಾಯಿಗೆ ಬಂದ ಹಾಗೆ ಬೈದೆ. ದೇವರ ದಾರಿಯಲ್ಲಿ ನಿಂತು ಅಂಥ ಮಾತಾಡಬಾರದಿತ್ತು.

ಹಿಂದಿನಿಂದ ಅತ್ತೆಯ ದನಿ ಬಂತು. "ಮತ್ತೆ ನಿಂತ್ಕತ್ತಾ? ಸರಿ ಬುಡು. ನಂಗೆ ಗೊತ್ತಿತ್ತು. ಇಳುಸ್ಲಾ ನನ್ನ, ಕಾಲು ಜೋಮು ಹಿಡೀತು."

ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಇಬ್ಬರೂ ಹಿಡಿದು ಇಳಿಸಿದೆವು. ಬಲಗಡೆ ಮುಂದಿನ ಚಕ್ರದ ಪಕ್ಕ ನೆರಳಿತ್ತು, ಒಂದು ಕಲ್ಲಿತ್ತು. ಅದರ ಮೇಲೆ ಕೂರಲು ಅತ್ತೆ ಚಕ್ರಕ್ಕೆ ಕೈ ಊರಿದರು. ಊರಿದ ಕೈಯನ್ನು ಮೂಸಿ ನೋಡಿದರು.

"ಇದೇನ್ಲಾ ಇದು, ಅಂಟಂಟು? ಎಣ್ಣೆ ಸೋರ್ತಾ ಐತೆ ನಿನ್ ಗಾಡಿ!"

ಯಜಮಾನರು ಅಡಿಗೆ ತೂರಿಕೊಂಡರು. ಆಮೇಲೆ, "ಒಸಿ ಬ್ರೇಕ್ ಒತ್ತು ಕಣಮ್ಮಿ" ಎಂದರು. ಕೈಯಿಂದ ಒತ್ತಿದೆ. "ಇನ್ನೊಂದ್ಸಲ." ಮತ್ತೆ ಒತ್ತಿದೆ. ಪೆಡಲು ಮೆತ್ತಗೆ ತಳಕ್ಕೆ ಹೋಗಿ ಕೂತಿತು. ಅಡಿಯಲ್ಲಿ ಚಿಳ್ ಎಂದು ಸದ್ದಾಯಿತು. ಅವರು ಹೊರಗೆ ಬಂದಾಗ ಅಂಗಿಯೆಲ್ಲ ಬ್ರೇಕ್ ಆಯಿಲು, ಮುಖದಲ್ಲಿ ರಕ್ತವಿರಲಿಲ್ಲ.

ನನ್ನ ನಿಂಬೆಹಣ್ಣಿನ ಬೋಲ್ಟು. ಕಲ್ಲಿನ ಮೇಲೆ ಚಕ್ರ ಎದ್ದು ಬಿದ್ದಾಗಲೆಲ್ಲ ಆ ಬಾಲ ಬ್ರೇಕಿನ ರಬ್ಬರ್ ಪೈಪನ್ನು ಉಜ್ಜುತ್ತಾ ಬಂದು, ಒಳಗಿನ ದಾರದ ಹೆಣಿಗೆ ಕಾಣುವಷ್ಟು ತಿಂದುಹಾಕಿತ್ತು. ನಾನು ಎರಡನೇ ಸಲ ಒತ್ತಿದಾಗ ಪೂರಾ ಹರಿಯಿತು. ಹಳೆಯ ಜೀಪು, ಒಂದು ಚಕ್ರದ ಪೈಪು ಹರಿದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದಂತೆ. ಆ ಏರಿನ ಮಧ್ಯದಲ್ಲಿ ಒತ್ತಿದ್ದರೆ? ಮೂವರೂ ಒಂದು ಸಲ ಕೊರಕಲಿನ ಕಡೆ ನೋಡಿದೆವು.

ಅತ್ತೆ ಎಲೆಗೆ ಸುಣ್ಣ ಹಚ್ಚಿಕೊಂಡು ಎಲ್ಲವನ್ನೂ ಕೇಳಿದರು. ಮುಳ್ಳು ಎದ್ದದ್ದು, ವೈರೇ ಇಲ್ಲದ್ದು, ಪೈಪು ಹರಿದದ್ದು. ಕೇಳಿ ಮುಗಿದ ಮೇಲೆ ಬಾಯಿಗೆ ಎಲೆ ಹಾಕಿಕೊಂಡು ಹೇಳಿದರು: "ಬ್ಯಾಡ ಅನ್ನೋನಾಗಿದ್ರೆ ಭೈರಪ್ಪ ಇಲ್ಲಿ ತಡೀತಿರ್ಲಿಲ್ಲ, ಹತ್ತುಸ್ಬುಟ್ಟು ಇಳಿಯೋವಾಗ ಕೊರಕ್ಲಿಗೆ ತಳ್ತಿದ್ದ. ಏಳಿ, ನಡೀರಿ."

"ಎಲ್ಲಿಗವ್ವ?"

"ಎಲ್ಲಿಗೆ ಅಂದ್ರೆ? ಬಂದಿದ್ದೆಲ್ಲಿಗ್ಲಾ? ಗಾಡಿಗ್ ಬ್ರೇಕಿಲ್ಲ, ನಂಗೆ ಕಾಲೂ ಇಲ್ವಾ?"

ಆ ಏರನ್ನು ಅವರು ನಡೆದೇ ಹತ್ತಿದರು. ಹತ್ತು ಹೆಜ್ಜೆ, ಕೂರುವುದು, ಮತ್ತೆ ಹತ್ತು ಹೆಜ್ಜೆ. ಒಂದು ಕೈ ಮಗನ ಹೆಗಲಿಗೆ, ಒಂದು ಕೈ ನನ್ನ ಹೆಗಲಿಗೆ. ಕೆಲವು ಕಡೆ ಕೂತುಕೊಂಡೇ ಜರುಗಿದರು. ಪೂಜಾರಿ ಬಾಗಿಲು ಹಾಕುವ ಹೊತ್ತಿಗೆ ಮೇಲಿದ್ದೆವು. ಬೆಳ್ಳಿ ಕಣ್ಣನ್ನು ತಟ್ಟೆಗೆ ಹಾಕಿ, ಒಳಗೆ ನೋಡುತ್ತಾ ಬಹಳ ಹೊತ್ತು ನಿಂತರು. ಏನು ಮಾತಾಡಿಕೊಂಡರೋ ಅವರಿಬ್ಬರಿಗೇ ಗೊತ್ತು. ಕೆಳಗಿನ ತನಕ ಪೂಜಾರಿಯ ತಮ್ಮನ ಟ್ರ್ಯಾಕ್ಟರಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಬಂದೆವು. ಹರಿದ ಪೈಪನ್ನು ಇಕ್ಕಳದಲ್ಲಿ ಬಿಗಿಯಾಗಿ ಕಚ್ಚಿಸಿ, ಡಬ್ಬಿಯಲ್ಲಿದ್ದ ಆಯಿಲು ತುಂಬಿ, ಮೊದಲನೇ ಗೇರಿನಲ್ಲಿ ಯಜಮಾನರು ಖಾಲಿ ಜೀಪನ್ನು ನಮ್ಮ ಹಿಂದೆಯೇ ಇಳಿಸಿಕೊಂಡು ಬಂದರು. ಮುಂದಿನ ಸೋಮವಾರ ಅತ್ತೆ ಬೆಳಿಗ್ಗೆಯೇ, "ಹೆಸ್ರುಬ್ಯಾಳೆ ನೆನೆಹಾಕಿದ್ದೀಯ ಏನವ್ವ?" ಎಂದು ಕೇಳಿದರು. ನಾನು ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಸ್ವಾಮಣ್ಣ ಬಂದು ಮೊದಲು ಬೋಲ್ಟು ಕೊಯ್ದ, ಕೆನ್ನೆ ಕೆನ್ನೆ ಬಡಿದುಕೊಂಡ. ಆಮೇಲೆ ಮುಳ್ಳಿನ ವಿಷಯ ಕೇಳಿ, "ಅಯ್ಯೋ ಅಷ್ಟೇನಾ ಅಕ್ಕ, ವೈರು ಗಾಡಿ ಕಬ್ಬಿಣಕ್ಕೆ ತಾಗಿದ್ರೆ ಮುಳ್ಳು ತಾನಾಗೇ ಮೇಲಕ್ಕೋಯ್ತದೆ" ಎಂದ. ನನಗೂ ಸಮಾಧಾನವಾಯಿತು. ತೋರಿಸು ಎಂದೆ. ಟೇಪು ಬಿಚ್ಚಿ ವೈರನ್ನು ಜೀಪಿನ ಕಬ್ಬಿಣಕ್ಕೆ ಮುಟ್ಟಿಸಿದ. ಮುಳ್ಳು ಟಕ್ಕೆಂದು ಒಂದೇ ನೆಗೆತಕ್ಕೆ ತುದಿಗೆ ಹೋಗಿ ಬಡಿಯಿತು. ನಾನು ಕಂಡದ್ದು ಹಾಗಲ್ಲ. ನನ್ನದು ಒಂದೊಂದೇ ಗೆರೆ ಹತ್ತಿತ್ತು. ಅದೂ ಅಲ್ಲದೆ, ಟೇಪು ಸುತ್ತಿದ ವೈರು ತಾಗುವುದಾದರೂ ಎಲ್ಲಿ? ಸ್ವಾಮಣ್ಣ ಬಿಚ್ಚಿದ ಟೇಪನ್ನು ತಿರುಗಿಸಿ ಮುರುಗಿಸಿ ನೋಡಿದ. ಕಾಫಿ ಕುಡಿದು ಹೋದ.

ಅವತ್ತಿನಿಂದ ಈ ಸಂಗತಿಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ "ನಾವಿಬ್ಬರೂ ಕಣ್ಣಾರೆ ನೋಡಿದೆವು" ಎನ್ನುತ್ತಿದ್ದೆ. ಯಜಮಾನರು ಪಕ್ಕದಲ್ಲಿದ್ದರೆ ಹೂಂ ಎನ್ನುತ್ತಿದ್ದರು. ಅತ್ತೆ ಹೋಗಿ ವರ್ಷವಾಯಿತು, ನೋವಿಲ್ಲದ ಸಾವು, ಅದೂ ಒಂದು ದಯೆ. ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಇದನ್ನು ಬರೆಯಬೇಕೆಂದಿದ್ದೇನೆ, ಮುಳ್ಳು ಕೆಂಪು ಮುಟ್ಟಿದಾಗ ನಿಮಗೆ ಏನನ್ನಿಸಿತು ಎಂದು ಯಜಮಾನರನ್ನು ಕೇಳಿದೆ.

"ನಾನು ನೋಡ್ಲಿಲ್ಲ ಕಣಮ್ಮಿ."

"ಏನು ನೋಡ್ಲಿಲ್ಲ?"

"ಮುಳ್ಳು. ನಿನ್ ಕಡೆ ನೋಡ್ದೆ ಅಷ್ಟೆ. ನೀನು ಕೂಗಿದ್ದು ಹಂಗಿತ್ತು, ಕಾಲು ತಾನಾಗೇ ಬ್ರೇಕ್ ಮ್ಯಾಲೆ ಹೋಯ್ತು."

"ಮತ್ತೆ ಇಷ್ಟು ವರ್ಷ ಹೂಂ ಹೂಂ ಅಂತಿದ್ರಲ್ಲ?"

"ನೀನು ಹೇಳೋವಾಗೆಲ್ಲ ಅವ್ವ ಪಕ್ಕದಲ್ಲೇ ಕೂತಿರ್ತಿತ್ತು. ಹೆಂಗೆ ಇಲ್ಲ ಅನ್ನನ?"

ಅವರೆಕಾಯಿ ಸುಲಿಯುವುದನ್ನು ಬಿಟ್ಟು ಕೂತೆ. ಮುಳ್ಳು ಎದ್ದಿತೋ, ನನ್ನ ಕಣ್ಣಿಗೆ ಮಾತ್ರ ಎದ್ದಿತೋ, ಇನ್ನು ಯಾರನ್ನು ಕೇಳಲಿ? ಸೆರಗಿನಲ್ಲಿ ಗಾಜು ಒರೆಸಿದ್ದು ನೆನಪಿದೆ, ಧೂಳು ಸೆರಗಿಗೆ ಹತ್ತಿದ್ದೂ ನೆನಪಿದೆ. ಗಾಜಿನ ಹಿಂದೆ ಮುಳ್ಳು ಮುಕ್ಕಾಲಿನಲ್ಲಿತ್ತು. ಅಷ್ಟು ಮಾತ್ರ ಆಣೆ ಮಾಡಿ ಹೇಳಬಲ್ಲೆ. ನಾವಿಬ್ಬರೂ ನೋಡಿದೆವು ಎಂದು ಇಷ್ಟು ದಿನ ಹೇಳಿದ್ದು ಸುಳ್ಳಾಯಿತು, ಅದನ್ನು ಕೇಳಿದವರೆಲ್ಲ ತಿದ್ದಿಕೊಳ್ಳಲಿ. ನೋಡಿದವಳು ನಾನೊಬ್ಬಳೇ.